ಮಲಗ್ಯಾರ್ರಿ, ಎಬ್ಬಸ್ಲೇನು?

ಬೆಳಗ್ಗೆ ಹನ್ನೊಂದೂವರೆ. ಗುಂಡಗುರ್ತಿಯ ನಮ್ಮ ಮನೆಯ ಒಳಕೋಣೆಯಲ್ಲಿ ಅಣ್ಣ ಮಲಗಿದ್ದಾನೆ. ಬೆಳಕು ಬೀಳದಂತೆ ಕಿಟಕಿಗೆ ಹಳೇ ಕಂಬಳಿ ಕಟ್ಟಿದೆ. ಸಿಮೆಂಟ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಮನೆ ಸೇರಿದ್ದು ಏಳೂವರೆಗೆ, ರೊಟ್ಟಿ ತಿಂದು ದಿಂಬಿಗೆ ತಲೆ ಕೊಟ್ಟದ್ದು ಎಂಟೂವರೆಗೆ. ಪಡಸಾಲೆಯ ಮಾಡದಲ್ಲಿಟ್ಟ ಅವನ ಫೋನು ಹೊಡೆದುಕೊಳ್ಳುತ್ತದೆ. ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಂದು, ಮಣಿಕಟ್ಟಿನಿಂದ ಗುಂಡಿ ಒತ್ತಿ, ಸ್ಪೀಕರಿಗೆ ಹಾಕುತ್ತಾಳೆ.

"ಮಲಗ್ಯಾರ್ರಿ, ನೈಟ್ ಇತ್ತು. ಯಾರ್ರಿ ಮಾತಾಡೋದು? ಏನ್ ಕೆಲಸ ಇತ್ರಿ? ಈಗೇ ಎಬ್ಬಸ್ಲೇನು, ಎರಡಕ್ಕ ಎದ್ದಮ್ಯಾಲ ಮಾಡಸ್ಲೇನು?"

ಅರ್ಧ ನಿಮಿಷದ ಮಾತು. ಅಷ್ಟರಲ್ಲಿ ಆಚೆಯವನಿಗೆ ಅಣ್ಣ ಎಲ್ಲಿದ್ದಾನೆ, ಯಾಕೆ ಸಿಗುತ್ತಿಲ್ಲ, ಯಾವಾಗ ಸಿಗುತ್ತಾನೆ ಎಂಬುದು ಗೊತ್ತಾಯಿತು. ಬೇಕೇ ಬೇಕಾದರೆ ಎಬ್ಬಿಸುವ ದಾರಿ ಇದೆ ಎಂಬುದೂ ಗೊತ್ತಾಯಿತು. ಸಹೋದ್ಯೋಗಿಯನ್ನು ಯಾವಾಗ, ಹೇಗೆ ಸಂಪರ್ಕಿಸಬೇಕು ಎಂದು ತಿಳಿಸುವ ತಂತ್ರಾಂಶಗಳು ಇವತ್ತು ಮಾಡಲು ಹೊರಟಿರುವುದು ಅತ್ತಿಗೆಯ ಕೆಲಸವನ್ನೇ. ಹಸಿರು ಚುಕ್ಕೆ, ಹಳದಿ ಚುಕ್ಕೆ, ಸ್ಟೇಟಸ್, ಕ್ಯಾಲೆಂಡರ್ ಎಂದು ಅವುಗಳ ವೇಷ ಬೇರೆ. ಅವುಗಳಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು, ನಮ್ಮ ಕಡೆಯ ಪಾಳಿ ಬದುಕಿಗೆ ಹೇಗೆ ಒಗ್ಗಿಸಿಕೊಳ್ಳಬಹುದು ಎಂಬುದಷ್ಟೇ ಈ ಲೇಖನ.

ನಮ್ಮ ಕಡೆ ಅಂದರೆ ಸಿಮೆಂಟಿನ ಸೀಮೆ. ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ಅಲ್ಟ್ರಾಟೆಕ್, ಸೇಡಂನಲ್ಲಿ ವಾಸವದತ್ತಾ, ಅದೇ ತಾಲ್ಲೂಕಿನ ಕೋಡ್ಲಾ ಕಡೆ ಶ್ರೀ ಸಿಮೆಂಟ್, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಕಲಬುರಗಿ ಸಿಮೆಂಟ್. ಸುಮಾರು 1450 ಡಿಗ್ರಿ ಶಾಖದಲ್ಲಿ ಸುಣ್ಣಕಲ್ಲನ್ನು ಕ್ಲಿಂಕರ್ ಮಾಡುವ ಕಿಲ್ನ್ ರಾತ್ರಿಯಾಯಿತೆಂದು ಆರಿಸಿಡುವ ಒಲೆಯಲ್ಲ. ಹಾಗಾಗಿ ಆರಕ್ಕೆ, ಎರಡಕ್ಕೆ, ಹತ್ತಕ್ಕೆ ಪಾಳಿ ಬದಲಾಗುತ್ತಲೇ ಇರುತ್ತದೆ. ಒಂದೇ ಓಣಿಯಲ್ಲಿ ಒಬ್ಬನಿಗೆ ಬೆಳಗಾದಾಗ ಇನ್ನೊಬ್ಬನಿಗೆ ರಾತ್ರಿ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ದುಡಿಯುವ ನನ್ನಂಥವರ ಗಡಿಯಾರ ಇನ್ನೂ ಬೇರೆ: ಅಮೆರಿಕದವರ ಜೊತೆ ಮೀಟಿಂಗ್ ರಾತ್ರಿ ಒಂಬತ್ತಕ್ಕೆ. "ಆಫೀಸ್ ಟೈಮಿನಾಗ ಫೋನ್ ಮಾಡ್ರಿ" ಎಂಬ ಮಾತಿಗೆ ಇಲ್ಲಿ ಅರ್ಥವೇ ಇಲ್ಲ.

ಕಾಲ್ ಬಾಯ್‌ನಿಂದ ಹಸಿರು ಚುಕ್ಕೆಗೆ

ಈ ಸಮಸ್ಯೆಯನ್ನು ನಮ್ಮ ಭಾಗದಲ್ಲಿ ಮೊದಲು ಬಿಡಿಸಿದ್ದು ರೈಲಿನವರು. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಮಾರ್ಗ ತೆರೆದದ್ದು 1874ರಲ್ಲಿ. ಗೂಡ್ಸ್ ಗಾಡಿಗೆ ಹೊತ್ತು ಗೊತ್ತು ಇರುವುದಿಲ್ಲ. ಡ್ರೈವರನಿಗೆ ಯಾವಾಗ ಡ್ಯೂಟಿ ಬೀಳುತ್ತದೋ ಅವನಿಗೇ ತಿಳಿಯದು. ಅದಕ್ಕೆಂದೇ ರೈಲ್ವೆಯಲ್ಲಿ 'ಕಾಲ್ ಬಾಯ್' ಎಂಬ ನೌಕರನಿದ್ದ. ಕೈಯಲ್ಲೊಂದು ಪುಸ್ತಕ ಹಿಡಿದು ರಾತ್ರಿ ಎರಡಕ್ಕೂ ಕ್ವಾರ್ಟರ್ಸಿನ ಬಾಗಿಲು ಬಡಿದು, ಡ್ರೈವರನನ್ನು ಎಬ್ಬಿಸಿ, ಹೊತ್ತು ಬರೆಸಿ ಸಹಿ ಹಾಕಿಸಿಕೊಂಡು ಹೋಗುವುದು ಅವನ ಕೆಲಸ. ಸಹಿ ಮುಖ್ಯ, ಯಾಕೆಂದರೆ ನಿದ್ದೆಗಣ್ಣಿನಲ್ಲಿ 'ಹೂಂ' ಅಂದವನು ಮತ್ತೆ ಮಲಗಿಬಿಟ್ಟರೆ ಗಾಡಿ ನಿಲ್ಲುತ್ತದೆ. ಈಗ ರೈಲ್ವೆಯ ತಂತ್ರಾಂಶ ಸಂಸ್ಥೆ ಕ್ರಿಸ್ ಮಾಡಿದ ಕ್ರೂ ಮ್ಯಾನೇಜ್‌ಮೆಂಟ್ ವ್ಯವಸ್ಥೆ ಯಾರು ಡ್ಯೂಟಿಯಲ್ಲಿದ್ದಾರೆ, ಯಾರು ವಿಶ್ರಾಂತಿಯಲ್ಲಿದ್ದಾರೆ ಎಂಬ ಲೆಕ್ಕ ಇಡುತ್ತದೆ, ಕರೆ ಮೊಬೈಲಿಗೆ ಬರುತ್ತದೆ. ಗಾಡಿ ಓಡಿಸುವಾಗ ಲೋಕೋ ಪೈಲಟ್ ತನ್ನ ಮೊಬೈಲು ಬಂದ್ ಮಾಡಿಡಬೇಕು. ಅಂದರೆ 'ಸ್ವಿಚ್ ಆಫ್' ಎಂಬುದೂ ಒಂದು ಸುದ್ದಿಯೇ: ಗಾಡಿ ಓಡುತ್ತಿದೆ, ಈಗ ಕರೆಯಬೇಡಿ.

ಆಮೇಲೆ ಮಿಸ್ಡ್ ಕಾಲ್ ಬಂತು. 2003ರ ಮೇ ತಿಂಗಳಿಂದ ಬರುವ ಕರೆ ಪುಕ್ಕಟೆಯಾದ ಮೇಲೆ ನಮ್ಮೂರಲ್ಲಿ ಒಂದು ರಿಂಗಿಗೆ ಒಂದು ಅರ್ಥ, ಎರಡಕ್ಕೆ ಇನ್ನೊಂದು. ಒಂದು ಕೊಟ್ಟರೆ 'ಮುಟ್ಟೀನಿ', ಎರಡು ಕೊಟ್ಟರೆ 'ಕ್ರಾಸಿಗೆ ಗಾಡಿ ತಗೊಂಡು ಬಾ'. ಒಂದು ಪೈಸೆ ಖರ್ಚಿಲ್ಲದೆ ಇಡೀ ಊರು ಒಪ್ಪಿಕೊಂಡ ಸಂಕೇತವದು.

ಕಂಪ್ಯೂಟರಿನ ಲೋಕದಲ್ಲಿ ಈ ಕೆಲಸ 1971ರಷ್ಟು ಹಳೆಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ಪ್ರಯೋಗಾಲಯದಲ್ಲಿ ಯಾರು ಯಂತ್ರದ ಮುಂದೆ ಇದ್ದಾರೆಂದು ನೋಡಲು ಜನ ಪರದೆಯ ಪಟ್ಟಿಯ ಮೇಲೆ ಬೆರಳು ಇಳಿಸುತ್ತಿದ್ದರಂತೆ. ಲೆಸ್ ಅರ್ನೆಸ್ಟ್ ಎಂಬವರು ಅದನ್ನೇ ಒಂದು ಪ್ರೋಗ್ರಾಂ ಮಾಡಿ 'ಫಿಂಗರ್' ಎಂದು ಹೆಸರಿಟ್ಟರು. ಯಾರಿದ್ದಾರೆ, ಎಷ್ಟು ಹೊತ್ತಿನಿಂದ ಕೀಲಿಮಣೆ ಮುಟ್ಟಿಲ್ಲ ಎಂದೆಲ್ಲ ಅದು ಹೇಳುತ್ತಿತ್ತು. 1988ರಲ್ಲಿ ಇಂಟರ್ನೆಟ್ಟನ್ನು ಕಂಗೆಡಿಸಿದ ಮೋರಿಸ್ ವರ್ಮ್ ಒಳನುಗ್ಗಿದ ದಾರಿಗಳಲ್ಲಿ ಈ ಫಿಂಗರ್ ಸೇವೆಯ ದೋಷವೂ ಒಂದು. ಮನೆಯಲ್ಲಿ ಯಾರಿದ್ದಾರೆಂದು ಬಂದವರಿಗೆಲ್ಲ ಹೇಳುತ್ತಾ ಕೂತ ಬಾಗಿಲಿನಿಂದಲೇ ಕಳ್ಳ ಬಂದ ಹಾಗೆ.

ವಾಟ್ಸಾಪ್ ಹುಟ್ಟಿದ್ದೂ ಇದಕ್ಕಾಗಿಯೇ ಎಂದರೆ ಬಹಳ ಜನ ನಂಬುವುದಿಲ್ಲ. 2009ರ ಫೆಬ್ರವರಿಯಲ್ಲಿ ಜಾನ್ ಕೌಮ್ ಅದನ್ನು ಶುರು ಮಾಡಿದಾಗ ಅದರಲ್ಲಿ ಮೆಸೇಜೇ ಇರಲಿಲ್ಲ. ಫೋನಿನ ಹೆಸರುಪಟ್ಟಿಯಲ್ಲಿ ಪ್ರತಿಯೊಬ್ಬರ ಪಕ್ಕ 'ಜಿಮ್‌ನಲ್ಲಿದ್ದೇನೆ', 'ಬ್ಯಾಟರಿ ಮುಗಿಯುತ್ತಿದೆ' ಎಂಬಂಥ ಒಂದು ಸಾಲು ತೋರಿಸುವುದಷ್ಟೇ ಉದ್ದೇಶ. ಅದೇ ಜೂನಿನಲ್ಲಿ ಆಪಲ್ ನೋಟಿಫಿಕೇಶನ್ ಸೌಲಭ್ಯ ಕೊಟ್ಟ ಮೇಲೆ ಗೆಳೆಯರು ಆ ಸಾಲನ್ನೇ ಬದಲಿಸುತ್ತಾ ಒಬ್ಬರಿಗೊಬ್ಬರು ಸುದ್ದಿ ಕಳಿಸತೊಡಗಿದರು. ಮೆಸೇಜಿನ ಭರಾಟೆಯಲ್ಲಿ ಮೂಲ ಕಸುಬು ಮೂಲೆಗೆ ಬಿತ್ತು. 'ಅಬೌಟ್' ಜಾಗದಲ್ಲಿ ಬಹುಕಾಲ ಇದ್ದ ಸಿದ್ಧ ಸಾಲುಗಳು, ಅಂದರೆ 'ಬ್ಯುಸಿ', 'ಅಟ್ ವರ್ಕ್', 'ಸ್ಲೀಪಿಂಗ್', 'ಅರ್ಜೆಂಟ್ ಕಾಲ್ಸ್ ಓನ್ಲಿ', ಆ ಕಾಲದ ಪಳೆಯುಳಿಕೆಗಳು. ನಮ್ಮಲ್ಲಿ ಹೆಚ್ಚಿನವರು ಅಲ್ಲಿ ದೇವರ ಹೆಸರೋ ಪ್ರೇಮಭಂಗದ ಸಾಲೋ ಹಾಕಿ ಮರೆತಿರುತ್ತಾರೆ. ಅದನ್ನು ಅಳಿಸಿ 'ಈ ವಾರ ನೈಟ್. ಮಧ್ಯಾಹ್ನ 2ರ ಮೇಲೆ ಕರೆ ಮಾಡಿ' ಎಂದು ಬರೆಯಿರಿ. ಹತ್ತು ಸೆಕೆಂಡಿನ ಕೆಲಸ, ಹೊಸ ಆ್ಯಪ್ ಬೇಕಿಲ್ಲ.

ಚುಕ್ಕೆ ಹೇಳುವ ಸುಳ್ಳು

ಹೋದ ವರ್ಷ ಅಣ್ಣನ ವಾಟ್ಸಾಪಿನಲ್ಲಿ 'ಆನ್‌ಲೈನ್' ಎಂದು ಕಂಡಿತು. ಎದ್ದಿದ್ದಾನೆ ಎಂದುಕೊಂಡು ಕಲಬುರಗಿಯಿಂದ ಮೂರು ಸಲ ಫೋನ್ ಮಾಡಿದೆ. ಮೂರೂ ಕಟ್ಟಾಯಿತು. ಸಿಟ್ಟು ಬಂತು. ಮನೆಗೆ ಬಂದು ಕೇಳಿದರೆ, ಫೋನು ಅಳಿಯನ ಕೈಯಲ್ಲಿತ್ತು. ಗೆಳೆಯರಿಗೆ ಸ್ಟಿಕ್ಕರ್ ಕಳಿಸುತ್ತಾ ಕೂತಿದ್ದವನು ನನ್ನ ಕರೆ ಬಂದಾಗಲೆಲ್ಲ ಕಟ್ ಮಾಡಿದ್ದ. ಈ ತಂತ್ರಾಂಶಗಳೆಲ್ಲ ಒಬ್ಬರಿಗೆ ಒಂದು ಫೋನು ಎಂಬ ಲೆಕ್ಕದಲ್ಲಿ ಹುಟ್ಟಿದವು. ಒಂದು ಫೋನು ಮೂರು ಕೈ ಬದಲಾಗುವ ಮನೆ ಅವುಗಳಿಗೆ ಗೊತ್ತಿಲ್ಲ.

ವಾಟ್ಸಾಪಿನ 'ಆನ್‌ಲೈನ್' ಎಂದರೆ ಆ ಆ್ಯಪ್ ಆ ಫೋನಿನಲ್ಲಿ ತೆರೆದಿದೆ, ಇಂಟರ್ನೆಟ್ ಇದೆ ಎಂದಷ್ಟೇ. ಕಚೇರಿಗಳಲ್ಲಿ ಬಳಸುವ ಸ್ಲ್ಯಾಕ್‌ನಲ್ಲಿ ಕಂಪ್ಯೂಟರನ್ನು ಹತ್ತು ನಿಮಿಷ ಮುಟ್ಟದಿದ್ದರೆ ಹಸಿರು ಚುಕ್ಕೆ ತಾನಾಗಿ ಆರುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಕಂಪ್ಯೂಟರ್ ಲಾಕ್ ಆದರೆ ಅಥವಾ ಸುಮ್ಮನೆ ಬಿದ್ದರೆ ಹಳದಿ. ಕ್ಯಾಲೆಂಡರಿನಲ್ಲಿ ಮೀಟಿಂಗ್ ಇದ್ದರೆ ಕೆಂಪು. ಕಾಗದದ ಮೇಲೆ ಲೆಕ್ಕ ಹಾಕುತ್ತಾ ಕೂತವನು ಅದರ ಕಣ್ಣಿಗೆ ಎದ್ದು ಹೋದವನು. ಚುಕ್ಕೆಗೆ ಕಾಣುವುದು ಬೆರಳು ಆಡಿತೇ ಎಂಬುದು ಮಾತ್ರ.

ಮೇಲಿನವರು ಆ ಚುಕ್ಕೆಯನ್ನೇ ಹಾಜರಿ ಪುಸ್ತಕ ಮಾಡಿಕೊಂಡರೆ ಕೆಲಸಗಾರರು ಚುಕ್ಕೆಯನ್ನು ಹಸಿರಿಡುವ ಕಸುಬನ್ನೇ ಕಲಿಯುತ್ತಾರೆ. ಮೌಸನ್ನು ತಾನಾಗಿ ಅಲುಗಾಡಿಸುವ ಸಣ್ಣ ಯಂತ್ರಗಳೇ ಮಾರಾಟಕ್ಕಿವೆ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಲಿಮಣೆ ಒತ್ತಿದಂತೆ ನಟಿಸಿದ್ದಕ್ಕೆ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿತು. ನನಗನ್ನಿಸುವುದು: ಚುಕ್ಕೆಯನ್ನು ಕಾವಲಿಗೆ ಬಳಸಿದ ದಿನವೇ ಅದು ಸಂಪರ್ಕಕ್ಕೆ ಉಪಯೋಗವಿಲ್ಲದ್ದಾಗುತ್ತದೆ. ವಾಟ್ಸಾಪಿನ 'ಲಾಸ್ಟ್ ಸೀನ್' ಮತ್ತು 'ಆನ್‌ಲೈನ್' ಎರಡನ್ನೂ ಪ್ರೈವೆಸಿ ಸೆಟ್ಟಿಂಗಿನಲ್ಲಿ ಮುಚ್ಚಿಡಬಹುದು. ನಿಮ್ಮದು ಮುಚ್ಚಿದರೆ ಬೇರೆಯವರದೂ ನಿಮಗೆ ಕಾಣುವುದಿಲ್ಲ. ಕೊಡು ಕೊಳ್ಳುವ ವ್ಯವಹಾರ, ಸರಿಯಾಗಿಯೇ ಇದೆ.

ಪಾಳಿಯನ್ನು ಕ್ಯಾಲೆಂಡರಿಗೆ ಹಾಕುವುದು

ಚುಕ್ಕೆಗಿಂತ ನಂಬಿಗಸ್ತ ಕ್ಯಾಲೆಂಡರ್. ಯಾಕೆಂದರೆ ಅದು ಮನುಷ್ಯ ತಾನೇ ಮುಂಚಿತವಾಗಿ ಹೇಳಿದ ಮಾತು. ವಾರಕ್ಕೊಮ್ಮೆ ಪಾಳಿ ತಿರುಗುವವರು ಗೂಗಲ್ ಕ್ಯಾಲೆಂಡರಿನಲ್ಲಿ ಹೀಗೆ ಮಾಡಬಹುದು. ಮೊದಲು 'ಪಾಳಿ' ಎಂಬ ಹೆಸರಿನ ಬೇರೆ ಕ್ಯಾಲೆಂಡರ್ ಮಾಡಿ. ಮನೆಯ ಮದುವೆ, ಆಸ್ಪತ್ರೆ ಎಲ್ಲ ಇದರಲ್ಲಿ ಬೆರೆಯಬಾರದು. ಈ ವಾರ ಬೆಳಗಿನ ಪಾಳಿ ಇದ್ದರೆ ಆರರಿಂದ ಎರಡರವರೆಗೆ ಒಂದು ಈವೆಂಟ್ ಹಾಕಿ. 'ರಿಪೀಟ್' ಒತ್ತಿ, 'ಕಸ್ಟಮ್' ಆರಿಸಿ, 'ಪ್ರತಿ 3 ವಾರಕ್ಕೊಮ್ಮೆ' ಎಂದು ಕೊಟ್ಟು, ವಾರದ ರಜೆ ಬಿಟ್ಟು ಉಳಿದ ದಿನಗಳನ್ನು ಗುರುತು ಮಾಡಿ. ಮುಂದಿನ ವಾರದಿಂದ ಶುರುವಾಗುವಂತೆ ಎರಡನೇ ಪಾಳಿಗೆ, ಅದರಾಚೆಯ ವಾರದಿಂದ ರಾತ್ರಿ ಪಾಳಿಗೆ ಇದೇ ಕ್ರಮ. ಮೂರು ಈವೆಂಟಿನಲ್ಲಿ ವರ್ಷದ ಪಾಳಿ ಮುಗಿಯಿತು. ರಾತ್ರಿ ಪಾಳಿಯದು ಮಧ್ಯರಾತ್ರಿ ದಾಟುತ್ತದೆ, ಮುಗಿಯುವ ತಾರೀಕು ಮರುದಿನದ್ದು ಬಂದಿದೆಯೇ ನೋಡಿಕೊಳ್ಳಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಬಿಟ್ಟುಹೋಗುವುದು ನಿದ್ದೆ. ರಾತ್ರಿ ಪಾಳಿಯ ವಾರಕ್ಕೆ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಎರಡರವರೆಗೆ 'ನಿದ್ದೆ' ಎಂದು ನಾಲ್ಕನೆಯ ಈವೆಂಟ್ ಹಾಕಿ. ಪಾಳಿಯ ಹೊತ್ತಿನಲ್ಲಿ ಬರುವ ಕರೆಯಾದರೂ ಕೆಲಸದ್ದು. ನಿದ್ದೆ ಕೆಡಿಸುವುದು ಪಾಳಿ ಮುಗಿದ ಮೇಲೆ ಬರುವ ಕರೆ. ಹಂಚುವಾಗ ಕಂಪ್ಯೂಟರಿನ ಬ್ರೌಸರಿನಲ್ಲಿ ಕ್ಯಾಲೆಂಡರಿನ ಸೆಟ್ಟಿಂಗ್ ತೆರೆದು, ಬೇಕಾದವರ ಇಮೇಲ್ ಸೇರಿಸಿ, 'ಬಿಡುವು/ಬ್ಯುಸಿ ಮಾತ್ರ' ಕಾಣಬೇಕೋ ಪೂರ್ತಿ ವಿವರ ಕಾಣಬೇಕೋ ಎಂದು ಆರಿಸಬಹುದು. ತಂಡದವರಿಗೆ ಪೂರ್ತಿ, ಉಳಿದವರಿಗೆ ಬಿಡುವು/ಬ್ಯುಸಿ ಸಾಕು. ಕಚೇರಿಯ ಗೂಗಲ್ ಖಾತೆ ಇದ್ದವರಿಗೆ 'ವರ್ಕಿಂಗ್ ಅವರ್ಸ್' ಎಂಬ ಸೆಟ್ಟಿಂಗ್ ಇದೆ. ಆ ಹೊತ್ತಿನಾಚೆ ಯಾರಾದರೂ ಮೀಟಿಂಗ್ ಇಟ್ಟರೆ ಅವರಿಗೇ ಎಚ್ಚರಿಕೆ ತೋರಿಸುತ್ತದೆ.

ಶಹಾಬಾದಿನ ಕಲ್ಲಿನ ಪಾಲಿಶ್ ಅಂಗಡಿ, ತೊಗರಿ ವ್ಯಾಪಾರ, ವರ್ಕ್‌ಶಾಪ್ ನಡೆಸುವವರಿಗೆ ಕ್ಯಾಲೆಂಡರಿಗಿಂತ ವಾಟ್ಸಾಪ್ ಬಿಸಿನೆಸ್ ಆ್ಯಪ್ ಒಳ್ಳೆಯದು. 2018ರಿಂದ ಪುಕ್ಕಟೆ ಸಿಗುತ್ತಿದೆ. ಅಂಗಡಿಯ ಹೊತ್ತು ಬರೆದಿಟ್ಟರೆ, ಆ ಹೊತ್ತಿನಾಚೆ ಬಂದ ಮೆಸೇಜಿಗೆ 'ಅವೇ ಮೆಸೇಜ್' ತಾನಾಗಿ ಉತ್ತರ ಕೊಡುತ್ತದೆ. ಫೋನಿಗೆ ನೆಟ್ ಇದ್ದರೆ ಮಾತ್ರ, ಇದು ನೆನಪಿರಲಿ. ಆ ಉತ್ತರದಲ್ಲಿ 'ಧನ್ಯವಾದಗಳು, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ' ಎಂದು ಬರೆಯಬೇಡಿ, ಶೀಘ್ರ ಎಂದರೆ ಯಾವಾಗ ಎಂದು ಯಾರಿಗೂ ಗೊತ್ತಾಗುವುದಿಲ್ಲ. 'ನಾಳೆ ಹತ್ತಕ್ಕೆ ಅಂಗಡಿ ತೆರೆಯುತ್ತೇವೆ, ಕಲ್ಲಿನ ಅಳತೆ ಈಗಲೇ ಕಳಿಸಿದರೆ ಹನ್ನೊಂದಕ್ಕೆ ರೇಟು ಹೇಳುತ್ತೇವೆ' ಎನ್ನಿ.

ಹೇಗೆ ಕರೆಯಬೇಕು ಎಂಬ ಚೀಟಿ

ಯಾವಾಗ ಎಂಬುದು ಅರ್ಧ. ಹೇಗೆ ಎಂಬುದು ಇನ್ನರ್ಧ, ಮತ್ತು ಅದನ್ನು ಯಾವ ಚುಕ್ಕೆಯೂ ಹೇಳುವುದಿಲ್ಲ. ಕ್ರಷರ್ ಪಕ್ಕದಲ್ಲಿ ನಿಂತವನಿಗೆ ವಾಯ್ಸ್ ಮೆಸೇಜ್ ಕಳಿಸಿ ಏನು ಪ್ರಯೋಜನ? ಆ ಸದ್ದಿನಲ್ಲಿ ಕಿವಿಗೆ ಒತ್ತಿಕೊಂಡರೂ ಕೇಳದು, ಬರೆದ ಎರಡು ಸಾಲು ಕಣ್ಣಿಗೆ ಬೀಳುತ್ತದೆ. ಗ್ಲೋವ್ಸ್ ಹಾಕಿದ ಫಿಟ್ಟರನಿಗೆ ಟೈಪು ಮಾಡಲು ಆಗದು, ಅವನಿಗೆ ವಾಕಿಟಾಕಿ. ಕಂಟ್ರೋಲ್ ರೂಮಿನಲ್ಲಿ ಪರದೆಗಳ ಮೇಲೆ ಕಣ್ಣಿಟ್ಟು ಕೂತವನಿಗೆ ಮೊಬೈಲ್ ಕರೆಯೇ ಕಿರುಕುಳ, ಅಲ್ಲಿನ ಇಂಟರ್‌ಕಾಂ ಇದೆ. ಓದು ಬರಹ ಕಷ್ಟವಿರುವ ಹಿರಿಯ ಕಾರ್ಮಿಕನಿಗೆ ವಾಯ್ಸ್ ಮೆಸೇಜೇ ಸರಿ. ಗಣಿಯ ತಗ್ಗಿನಲ್ಲಿ ಡೇಟಾ ಸತ್ತರೂ ಎಸ್ಸೆಮ್ಮೆಸ್ ಎಷ್ಟೋ ಸಲ ದಾಟುತ್ತದೆ.

ಅಣ್ಣನಿಂದ ನಾನು ಬರೆಸಿದ ಚೀಟಿ ಇದು. ತಂಡದ ವಾಟ್ಸಾಪ್ ಗುಂಪಿನಲ್ಲಿ ಪಿನ್ ಮಾಡಿದ್ದಾನೆ.

*ಡ್ಯೂಟಿಯಲ್ಲಿದ್ದಾಗ: ಕರೆ ಕೇಳಿಸುವುದಿಲ್ಲ. ಬರೆದು ಕಳಿಸಿ. ಎರಡು ತಾಸಿಗೊಮ್ಮೆ ನೋಡುತ್ತೇನೆ.*

*ನಿದ್ದೆಯಲ್ಲಿದ್ದಾಗ: ಬರೆದಿಡಿ. ಎದ್ದ ಮೇಲೆ ಉತ್ತರ ಬಂದೇ ಬರುತ್ತದೆ.*

*ಅರ್ಜೆಂಟ್ ಇದ್ದರೆ: ಹತ್ತು ನಿಮಿಷದೊಳಗೆ ಎರಡು ಸಲ ಕರೆ ಮಾಡಿ.*

*ಅರ್ಜೆಂಟ್ ಎಂದರೆ: ಯಾರಿಗಾದರೂ ಪೆಟ್ಟು, ಬೆಂಕಿ, ಮಷಿನ್ ನಿಂತದ್ದು. ರಜೆ ಅದಲುಬದಲು ಅರ್ಜೆಂಟ್ ಅಲ್ಲ.*

*ನಾನು ಸಿಗದಿದ್ದರೆ: ಆ ವಾರದ ರಿಲೀವರ್. ಅವರೂ ಸಿಗದಿದ್ದರೆ ಶಿಫ್ಟ್ ಇಂಚಾರ್ಜ್.*

ನಾಲ್ಕನೆಯ ಸಾಲು ಬರೆಯಲು ಅವನಿಗೆ ಒಂದು ಸಂಜೆ ಹಿಡಿಯಿತು. "ರಜಾ ಅದಲುಬದಲು ಅರ್ಜೆಂಟ್ ಅಲ್ಲ ಅಂತ ಬರದ್ರ ಮಂದಿ ಬ್ಯಾಸರ ಮಾಡ್ಕೊಂತಾರ" ಎಂದ. ಬರೆದ ಮೇಲೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಇಬ್ಬರು ತಮ್ಮ ಚೀಟಿಗೂ ಅದನ್ನೇ ನಕಲು ಮಾಡಿಕೊಂಡರು.

ಎರಡು ಸಲ ಕರೆ ಎಂಬುದು ಸುಮ್ಮನೆ ಬರೆದದ್ದಲ್ಲ. ಆಂಡ್ರಾಯ್ಡ್ ಫೋನಿನ 'ಡೂ ನಾಟ್ ಡಿಸ್ಟರ್ಬ್' ಹಾಕಿದರೆ ಎಲ್ಲ ಸದ್ದು ನಿಲ್ಲುತ್ತದೆ. ಆದರೆ ಅದರೊಳಗೆ 'ರಿಪೀಟ್ ಕಾಲರ್ಸ್' ಎಂಬ ಕಿಂಡಿ ಇದೆ: ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆದರೆ ಫೋನು ಹೊಡೆದುಕೊಳ್ಳುತ್ತದೆ. ಐಫೋನಿನಲ್ಲಿ ಈ ಅವಧಿ ಮೂರೇ ನಿಮಿಷ. ಹೆಸರುಪಟ್ಟಿಯಲ್ಲಿ ನಕ್ಷತ್ರ ಹಾಕಿದವರ ಕರೆಗೆ ಮೊದಲ ಸಲವೇ ದಾರಿ ಬಿಡುವಂತೆಯೂ ಮಾಡಬಹುದು. ಅಪ್ಪ, ಅವ್ವ, ಮಕ್ಕಳ ಶಾಲೆ, ಶಿಫ್ಟ್ ಇಂಚಾರ್ಜ್ ಅಲ್ಲಿರಲಿ. ಒಂದು ಎಚ್ಚರ: ಫೋನಿನ ರಿಂಗರನ್ನೇ ಸೈಲೆಂಟ್ ಮಾಡಿದ್ದರೆ ಯಾವ ಕಿಂಡಿಯೂ ಕೆಲಸ ಮಾಡದು. ಸೆಟ್ಟಿಂಗ್ ಮುಗಿಸಿ ಇನ್ನೊಂದು ಫೋನಿನಿಂದ ಎರಡು ಸಲ ಕರೆದು ಪರೀಕ್ಷೆ ಮಾಡಿಯೇ ಮಲಗಿ.

ಸ್ಲ್ಯಾಕ್‌ನಲ್ಲೂ ಇಂಥದೇ ಕಿಂಡಿ. ನೋಟಿಫಿಕೇಶನ್ ನಿಲ್ಲಿಸಿಕೊಂಡವರಿಗೆ ನೀವು ಮೆಸೇಜ್ ಕಳಿಸಿದರೆ, ಅವರು ಸದ್ದು ನಿಲ್ಲಿಸಿದ್ದಾರೆ, ಆದರೂ ತಿಳಿಸಬೇಕೇ ಎಂದು ನಿಮ್ಮನ್ನೇ ಕೇಳುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ನಗು ಬಂತು: ಎಬ್ಬಸ್ಲೇನು?

ಎಬ್ಬಿಸುವ ಪ್ರಶ್ನೆ ಬಾರದಂತೆ ಕಳಿಸುವವರೂ ಸ್ವಲ್ಪ ಮಾಡಬೇಕು. ರಾತ್ರಿ ಹನ್ನೊಂದಕ್ಕೆ ಹೊಳೆದದ್ದನ್ನು ಹನ್ನೊಂದಕ್ಕೇ ಕಳಿಸಬೇಕಿಲ್ಲ. ಜಿಮೇಲ್, ಸ್ಲ್ಯಾಕ್, ಟೀಮ್ಸ್ ಮೂರರಲ್ಲೂ 'ಶೆಡ್ಯೂಲ್ ಸೆಂಡ್' ಇದೆ. ಬರೆದು ಬೆಳಗಿನ ಹೊತ್ತಿಗೆ ಇಟ್ಟರೆ ಆಯಿತು. ಇನ್ನು 'ನಮಸ್ಕಾರ ಸರ್' ಎಂದಷ್ಟೇ ಕಳಿಸಿ ಉತ್ತರಕ್ಕೆ ಕಾಯುವ ರೂಢಿ. ಆ ಸರ್ ಎರಡು ತಾಸಿನ ಮೇಲೆ ನೋಡಿ 'ಹೇಳಿ' ಎನ್ನುತ್ತಾರೆ. ಅಷ್ಟೊತ್ತಿಗೆ ನೀವು ಊಟಕ್ಕೆ ಹೋಗಿರುತ್ತೀರಿ. ಒಂದು ಬೇರಿಂಗಿನ ವಿಷಯ ಮುಗಿಯಲು ಒಂದು ದಿನ. ಬದಲಿಗೆ: 'ನಮಸ್ಕಾರ ಸರ್. 3ನೇ ಕನ್ವೇಯರಿನ ಬೇರಿಂಗ್ ಬೆಳಗ್ಗೆಯಿಂದ ಬಿಸಿಯಾಗುತ್ತಿದೆ. ಸಂಜೆ ಆರರ ಪಾಳಿ ವಿರಾಮದಲ್ಲಿ ಬದಲಿಸಲೇ? ನಾಲ್ಕರೊಳಗೆ ಹೇಳಿದರೆ ಸಾಕು.' ಯಾರು, ಏನು, ಯಾವಾಗ, ಎಲ್ಲ ಒಂದೇ ಸಲಕ್ಕೆ. ಅತ್ತಿಗೆ ಕೇಳುವ ಪ್ರಶ್ನೆಗಳಿಗೆ ಮೊದಲೇ ಕೊಟ್ಟ ಉತ್ತರ.

ಗುಂಪಿನಲ್ಲಿ ಸಾಹೇಬರು ಒಂದು ಸೂಚನೆ ಹಾಕಿದರೆ ಕೆಳಗೆ ಎಪ್ಪತ್ತು 'ಓಕೆ ಸರ್' ಬೀಳುವುದು ಪಂಚಾಯಿತಿಯಿಂದ ಕಾರ್ಖಾನೆಯವರೆಗೆ ಎಲ್ಲೆಡೆ ಇರುವ ರೋಗ. ಅದರಡಿ ಸೂಚನೆ ಹೂತುಹೋಗುತ್ತದೆ, ರಾತ್ರಿ ಪಾಳಿಯವನ ಫೋನು ಎಪ್ಪತ್ತು ಸಲ ನಡುಗುತ್ತದೆ. ಸೂಚನೆಗೆ ಅಡ್ಮಿನ್ ಮಾತ್ರ ಬರೆಯುವ ಗುಂಪು ಬೇರೆ ಮಾಡಿ, ಒಪ್ಪಿಗೆಗೆ ಹೆಬ್ಬೆರಳಿನ ರಿಯಾಕ್ಷನ್ ಸಾಕು.

ಬ್ರೇಕ್‌ಡೌನಿನ ಹೊತ್ತಿಗೆ ಮಾತ್ರ ಹೆಬ್ಬೆರಳು ಸಾಲದು. ಪೇಜರ್‌ಡ್ಯೂಟಿಯಂಥ ತಂತ್ರಾಂಶಗಳು ಮೊದಲನೆಯವನಿಗೆ ಕರೆ ಮಾಡಿ, ಅವನು ಒಪ್ಪಿಕೊಂಡೆ ಎಂದು ಒತ್ತದಿದ್ದರೆ ಗೊತ್ತುಪಡಿಸಿದ ನಿಮಿಷಗಳ ಮೇಲೆ ಎರಡನೆಯವನಿಗೆ, ಆಮೇಲೆ ಮೂರನೆಯವನಿಗೆ ದಾಟಿಸುತ್ತವೆ. ಹತ್ತು ಜನರ ವರ್ಕ್‌ಶಾಪಿಗೆ ಅದನ್ನು ಕೊಳ್ಳುವ ಅಗತ್ಯವಿಲ್ಲ. ಮೂರು ಹೆಸರು ಕ್ರಮವಾಗಿ ಬರೆದು, ಐದು ನಿಮಿಷಕ್ಕೆ ಮುಂದಿನವರಿಗೆ ಎಂಬ ಒಪ್ಪಂದ ಮಾಡಿಕೊಳ್ಳಿ. ಇನ್ನೊಂದು ಒಪ್ಪಂದ ಶಬ್ದದ್ದು: 'ನೋಡಿದೆ' ಬೇರೆ, 'ತಗೊಂಡೆ' ಬೇರೆ. 'ತಗೊಂಡೆ' ಎಂದು ಬರೆದವನು ಕೆಲಸಕ್ಕೆ ಹೊಣೆ. ಕಾಲ್ ಬಾಯ್ ಸಹಿ ಹಾಕಿಸಿಕೊಳ್ಳುತ್ತಿದ್ದದ್ದು ಇದಕ್ಕೇ.

ಇಷ್ಟೆಲ್ಲ ಹೂಡಿದ ಮೇಲೂ ಕೆಡುವುದು ಒಂದೇ ಕಡೆ, ಪಾಳಿ ಅಚಾನಕ್ಕಾಗಿ ಬದಲಾದಾಗ. ರಿಲೀವರ್ ಬರಲಿಲ್ಲ, ಡಬಲ್ ಡ್ಯೂಟಿ ಬಿತ್ತು, ಕ್ಯಾಲೆಂಡರ್ ಮಾತ್ರ 'ಮನೆಯಲ್ಲಿದ್ದಾನೆ' ಎನ್ನುತ್ತಿರುತ್ತದೆ. ಹದಿನಾರು ತಾಸು ದುಡಿದು ಬಂದವನಿಗೆ ಫೋನು ತೆರೆದು ಈವೆಂಟ್ ತಿದ್ದುವ ತಾಳ್ಮೆ ಎಲ್ಲಿಂದ ಬರಬೇಕು? ಎರಡು ತಿಂಗಳು ಬರೇ ಜಗಳವಾಯಿತು. ಕೊನೆಗೆ ಕ್ಯಾಲೆಂಡರಿನ ಹಂಚಿಕೆಗೆ ಹೋಗಿ ಇನ್ನೊಂದು ಇಮೇಲ್ ಸೇರಿಸಿ, 'ಬದಲಾವಣೆ ಮಾಡಬಹುದು' ಎಂಬ ಅನುಮತಿ ಕೊಟ್ಟೆವು. ಈಗ ಅಣ್ಣ ಚಪ್ಪಲಿ ಬಿಡುವಾಗ "ಇವತ್ತು ಡಬಲ್ ಆಯ್ತು" ಎಂದರೆ ಸಾಕು. ಅತ್ತಿಗೆ ಕೈ ಒರೆಸಿಕೊಂಡು, ತನ್ನ ಫೋನಿನಲ್ಲಿ ನಿದ್ದೆಯ ಪಟ್ಟಿಯನ್ನು ಬೆರಳಿನಿಂದ ಸಂಜೆ ಆರರವರೆಗೆ ಎಳೆದುಬಿಡುತ್ತಾಳೆ.